ಮಾವನ ಮೀಸೆ, ನನ್ನ ಹೆಬ್ಬೆರಳು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಮೂಳೆ ಡಾಕ್ಟರೇ, ಕೈಕಾಲು ನೆಟ್ಟಗಿರುವ ಹಾಗೂ ನೆಟ್ಟಗಾಗುತ್ತಿರುವ ಸಭಿಕರೇ,

ನೀವು ಮಾತಾಡಬೇಕು ಎಂದು ಅಧ್ಯಕ್ಷರು ಹೇಳಿದಾಗಿನಿಂದ ನನಗೊಂದು ಕೆಟ್ಟ ಕನಸು. ಇದೇ ವೇದಿಕೆ, ಇದೇ ಮೈಕು. ಭಾಷಣ ಮುಗಿಸಿ ನಮಸ್ಕಾರ ಮಾಡಲು ಹೋಗುತ್ತೇನೆ. ಎಡಗೈ ಏಳುತ್ತದೆ, ಬಲಗೈ ಏಳುವುದೇ ಇಲ್ಲ. ಒಂದೇ ಕೈಯಲ್ಲಿ ಚಪ್ಪಾಳೆಯೂ ಆಗದು, ನಮಸ್ಕಾರವೂ ಆಗದು. ಬೆವರಿ ಏಳುತ್ತೇನೆ. "ಭಾಷಣ ಬೇಡ ಅಂದ್ರೆ ಕೇಳಿದ್ರಾ? ಸುಮ್ನೆ ಮಲ್ಕೊಳ್ಳಿ," ಎನ್ನುತ್ತಾಳೆ ಹೆಂಡತಿ.

ನಾನು ಕ್ಷೌರಿಕ; ಆಸ್ಪತ್ರೆಯ ಎದುರಿನ ಅಂಗಡಿ ನನ್ನದೇ. ಐದನೇ ತರಗತಿಯ ನಡುವೆಯೇ ಶಾಲೆಗೆ ಕೈಮುಗಿದವನು, ಮಾತು ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ದಿನವಿಡೀ ಕೈ ಎತ್ತಿ ಹಿಡಿಯುವುದೇ ನಮ್ಮ ಕಸುಬು. ಆ ಕೈಯೇ ಭುಜದ ಕೆಳಗೆ ಮುರಿದರೆ ಮನೆಯ ಒಲೆಯ ಗತಿಯೇನು?

ಬಚ್ಚಲಲ್ಲಿ ಜಾರಿದೆ ಎಂದು ನಿಮಗೆಲ್ಲ ಹೇಳಿದ್ದೆ. ಪಾಪ, ಬಚ್ಚಲಿನ ತಪ್ಪೇನೂ ಇಲ್ಲ. ಊಟದ ಮೇಜಿನ ಮೇಲೆ ಮೊಣಕೈ ಊರಿ ಮಾವನವರೊಡನೆ ಪಂಜಾ ಕುಸ್ತಿಗೆ ಕೂತಿದ್ದೆ. "ಕತ್ತರಿ ಹಿಡಿಯೋ ಕೈಗೆ ಎಷ್ಟು ಬಲ ಇದೆ ನೋಡೇಬಿಡೋಣ, ಬನ್ನಿ ಅಳಿಯಂದ್ರೇ," ಅಂದರು. ಲಟಕ್ ಎಂದಿತು. "ಮೇಜು ಮುರೀತಾ?" ಎಂದು ಮಾವ ಬಗ್ಗಿ ನೋಡಿದರು. ಅಯ್ಯೋ, ಇದನ್ನು ಹೇಳಬಾರದಿತ್ತು. ಅವರು ಎರಡನೇ ಸಾಲಿನಲ್ಲೇ ಕೂತಿದ್ದಾರೆ.

ಡಾಕ್ಟರು ಭುಜದ ಬಳಿ ಸಣ್ಣದಾಗಿ ಕೊಯ್ದು, ತೋಳಿನ ಮೂಳೆಯ ಟೊಳ್ಳಿನೊಳಗೆ ಉದ್ದನೆಯ ರಾಡು ಇಳಿಸಿ, ಮೇಲೂ ಕೆಳಗೂ ಸ್ಕ್ರೂ ಬಿಗಿದರು. ನಾನು ಕೇಳದ ಪ್ರಶ್ನೆಯುಂಟೇ? ಸ್ನಾನ ಮಾಡಿದರೆ ತುಕ್ಕು ಹಿಡಿಯುತ್ತದೆಯೇ? ಗುಡುಗಿದಾಗ ಸಿಡಿಲು ಹುಡುಕಿಕೊಂಡು ಬರುತ್ತದೆಯೇ? "ಸಿಡಿಲಿಗೆ ನಿಮ್ಮ ವಿಳಾಸ ನಾನಂತೂ ಕೊಡಲ್ಲ ಮಾರಾಯ್ರೆ," ಎಂದರು.

ಮೂಳೆ ಕೂಡಿತು. ಆದರೆ ಮಣಿಕಟ್ಟು ಬಾಡಿದ ಹೂವಿನಂತೆ ಜೋತುಬಿದ್ದೇ ಇತ್ತು. ಮುರಿದಾಗಲೇ ನರಕ್ಕೆ ಪೆಟ್ಟಾಗಿದೆ, ಅದು ನಿಧಾನವಾಗಿ ಎಚ್ಚರವಾಗುತ್ತದೆ ಎಂದಿದ್ದರು. ಹೋದಾಗಲೆಲ್ಲ ಒಂದೇ ಮಾತು: "ಹೆಬ್ಬೆರಳು ಎತ್ತಿ." ಎತ್ತುತ್ತಿದ್ದೆ, ಹುಬ್ಬು ಏಳುತ್ತಿತ್ತು, ಹೆಬ್ಬೆರಳು ಏಳುತ್ತಿರಲಿಲ್ಲ. ಇನ್ನು ನನ್ನ ಕತ್ತರಿಗೆ ತಲೆ ಕೊಡುವವರು ಯಾರು?

ಅಂಗಡಿಯಲ್ಲಿ ನನ್ನ ತಮ್ಮ ಕತ್ತರಿ ಹಿಡಿದ. ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ಬೀದಿ ಹಿಡಿದರು. ಮಾವ ಮಾತ್ರ ಶಿಕ್ಷೆ ಅನುಭವಿಸುವವರಂತೆ ತಪ್ಪದೆ ಬಂದು ಕೂರುತ್ತಿದ್ದರು. ಅವರ ಮೀಸೆಯೇನು ಸಾಮಾನ್ಯವೇ? ನನ್ನ ಮದುವೆಯ ಫೋಟೋಗಳಲ್ಲಿ ನನಗಿಂತ ಚೆನ್ನಾಗಿ ಬಿದ್ದಿರುವುದು ಅದೇ! ಒಂದು ಬೆಳಿಗ್ಗೆ ತಮ್ಮ ಅವರ ಗದ್ದ ಬೋಳಿಸುತ್ತಾ ಹರಟೆಗಿಳಿದ. ಬ್ಲೇಡು ಸೀದಾ ಮೀಸೆಗೆ ನುಗ್ಗಿತು.

"ಲೋ, ಲೋ, ಅಲ್ಲಲ್ಲ ಕಣೋ!" ಎಂದು ಕಿರುಚಿದೆ. ಕನ್ನಡಿಯಲ್ಲಿ ನೋಡುತ್ತೇನೆ, ನನ್ನ ಹೆಬ್ಬೆರಳು ಅಕ್ಕಿಕಾಳಿನಷ್ಟು ಮೇಲೆದ್ದಿದೆ!

ಮಾವ ಅರ್ಧ ಮೀಸೆಯಲ್ಲೇ ಎದ್ದು ನಿಂತರು. ನಾನು ಒಂದು ಹೆಜ್ಜೆ ಬಾಗಿಲ ಕಡೆ ಸರಿದೆ. ಅವರು ತಮ್ಮನ ಕಡೆ ತಿರುಗಿ, "ಏಯ್, ನೋಡ್ತಾ ನಿಂತ್ಯಲ್ಲೋ! ಇನ್ನೊಂದು ಕಡೆನೂ ತೆಗಿ, ಅಳಿಯಂದ್ರ ಹೆಬ್ಬೆರಳು ಪೂರ್ತಿ ಎದ್ದುಬಿಡ್ಲಿ!" ಎಂದರು. ತೆಗೆದ. ಮಾವ ಗಳಗಳನೆ ಅತ್ತರು. ನನ್ನ ಬೆರಳಿಗೋ, ತಮ್ಮ ಮೀಸೆಗೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಈಗ ಆ ಮೀಸೆ ಮತ್ತೆ ಬೆಳೆದಿದೆ. ಒಪ್ಪ ಮಾಡುವವನು ನಾನೇ. ಡಾಕ್ಟರೇ, ನೀವು ನೆಮ್ಮದಿಯಾಗಿ ಮನೆಗೆ ಹೊರಟಿರಿ. ನಿಮ್ಮ ರಾಡು ನನ್ನೊಳಗೇ ಉಳಿಯಿತು. ನಾಳೆಯಿಂದ "ಹೆಬ್ಬೆರಳು ಎತ್ತಿ" ಎನ್ನುವವರು ಯಾರು ನನಗೆ? ನಿಮಗೂ, ನರ್ಸಮ್ಮನವರಿಗೂ, ಮೀಸೆ ಕೊಟ್ಟ ಮಾವನವರಿಗೂ ನನ್ನ ಕೃತಜ್ಞತೆಗಳು. ಇಗೋ, ಎಲ್ಲರಿಗೂ ನಮಸ್ಕಾರ.

ಕೈ ಎರಡೂ ಎದ್ದವು ಅಲ್ಲವೇ? ಬಲಗೈ ಒಂದು ಕೂದಲೆಳೆ ತಗ್ಗಿದ ಹಾಗಿದೆಯಲ್ಲ, ಡಾಕ್ಟರೇ, ಹೋಗುವ ಮುಂಚೆ ಇನ್ನೊಮ್ಮೆ ನೋಡಿಬಿಡಿ.