ಮನೆಯವರನ್ನು ಕೇಳಿ ಬನ್ನಿ

೧೯೮೮ರ ಮಾರ್ಚ್ ೧೪, ಬೆಳಿಗ್ಗೆ ಹತ್ತೂ ಇಪ್ಪತ್ತು. ಜೇವರ್ಗಿ ಬಸ್ ನಿಲ್ದಾಣದಲ್ಲಿ ವಿಜ್ಞಾನ ಶಿಕ್ಷಕ ಜಗದೇವಪ್ಪನವರ ಪಕ್ಕ, ದವಾಖಾನೆಯಲ್ಲಿ ಗಾಯ ತೋರಿಸಿ ಬಂದ ಹೀರಾಬಾಯಿ ಕೂತಿದ್ದಳು. ಎದುರಾದ ಅವಳದೇ ಊರಿನ ಖಾಸೀಂಬಿ ವಿಷಯ ತಿಳಿದು ಕೇಳಿದಳು:

“ಗಾಯ ಎಲ್ಲೈತಿ ಅಕ್ಕ?”

“ಹಿಂದ, ನಡದಾಗ. ಸೀರಿ ಬಿಗದ ಕಟ್ಟೂ ಜಾಗ. ಕ್ಯಾನ್ಸರ್ ಇರಬೌದಂತ, ತುಣುಕ ತಗದ ತಪಾಸಣಿಗಿ ಕಳಿಸ್ಯಾರ.”

“ಯಾ ಅಲ್ಲಾ! ಎಂದಿನಿಂದ ಐತಿ?”

“ನನಗ ಕಾಣತೈತೇನ? ಡಾಕ್ಟರೂ ಅದನ್ನ ಕೇಳಿದ್ರು. ಮನ್ಯಾಗ ನೋಡಿದವರನ್ನ ಕೇಳ್ಕೊಂಡ ಬರ್ರಿ ಅಂದ್ರು.”

“ನೀ ಏನಂದಿ?”

“ಹೂಂನ್ರಿ, ಕೇಳ್ತೇನ್ರಿ ಅಂದೆ.”

“ಯಾರನ್ನ ಕೇಳ್ತಿ ಬೇ, ಗ್ವಾಡಿನ್ನೇನ?”

“ನೋಡವರು ಯಾರೂ ಇಲ್ಲ ಅನ್ನಾಕ ನಾಚಿಕಿ ಬಂತು.”

“ಇನ್ನ ಮ್ಯಾಲ ನಾ ನೋಡ್ತೇನಿ. ಈಗೆಷ್ಟ ದೊಡ್ಡದೈತಿ?”

“ಚೀಟ್ಯಾಗ ಬರದಾರ.”

ಬಸ್ ಬಂತು. ಹೊರಡುವ ಮುನ್ನ ಹೀರಾಬಾಯಿ ಆ ಚೀಟಿಯನ್ನು ಜಗದೇವಪ್ಪನವರ ಮುಂದೆ ಹಿಡಿದಳು. ಅವರು ಓದಿ ಹೇಳಿದರು: ಹದಿನೆಂಟು ಮಿಲಿಮೀಟರ್.