ಹದಿನಾಲ್ಕು ವರ್ಷ ನೀರು ಕಾಣದ ಜಾಕೆಟ್

ಗುರುಪ್ರಸಾದ್ ಕಣಮ್ಮ. ಈ ಕಥೆಯನ್ನ ನನಗೆ ಮೊದಲು ಹೇಳಿದವರು ಗುರುಪ್ರಸಾದ್, ನಾನು ಕಟ್ಟಿದ್ದಲ್ಲ. ದೇವಸ್ಥಾನದ ಅಡುಗೆಮನೆ ಉಸ್ತುವಾರಿ ಅವರದೇ ಅಲ್ವಾ, ಹೋದ ಭಾನುವಾರ ಪ್ರಸಾದದ ಹುಳಿಗೆ ಅಂತ ಆರು ಜನ ಕೂತು ಬೂದುಗುಂಬಳ ಹೆಚ್ಚುತ್ತಾ ಇದ್ವಿ. ಅವರ ಕೈ ಎಷ್ಟು ನಿಧಾನವೋ ಬಾಯಿ ಅಷ್ಟು ಚುರುಕು. "ದ್ವಾರಕಾನಾಥರೇ, ನಿಮ್ಮ ಕೆಂಟ್‌ನಲ್ಲಿ ಯಾರದೋ ಮನೇಲಿ ನಡೆದದ್ದು ಕೇಳಿದ್ರಾ?" ಅಂದರು. ಕೆಂಟ್‌ನವನಾದ ಮೇಲೆ ಕೇಳಬೇಕಾಯ್ತು.

ಕಿವಿಗೆ ಆ ಇಯರ್‌ಫೋನ್ ಸಿಕ್ಕಿಸ್ಕೋಬೇಡ ಮೈತ್ರಿ. ಫೆರ್ರಿ ಹೊರಡೋಕೆ ಇನ್ನೂ ಮುಕ್ಕಾಲು ಗಂಟೆ ಇದೆ, ನಮ್ಮ ಮುಂದೆ ಅರವತ್ತು ಕಾರು ನಿಂತಿವೆ. ಹಿಂದಿನ ಸೀಟಲ್ಲಿ ನಿನ್ನ ಸ್ಪೀಕರ್ ಪೆಟ್ಟಿಗೆ ಯಜಮಾನನ ಹಾಗೆ ಕೂತಿದೆ. ಅದನ್ನ ಆ ದಡದಲ್ಲಿ ನಿನ್ನ ಗೆಳತಿ ಮೆಲಿಸ್ಸಾ ಮನೆಗೆ ಮುಟ್ಟಿಸಬೇಕು ಅಂತ ನೀನು ಕೇಳಿದ್ದಕ್ಕೆ ತಾನೇ ನಾನು ಮುಕಿಲ್ಟಿಯೊವರೆಗೆ ವ್ಯಾನ್ ಓಡಿಸ್ಕೊಂಡು ಬಂದಿದ್ದು? ಬಾಡಿಗೆ ಅಂತ ತಿಳ್ಕೋ. ಒಂದು ಕಥೆ ಕೇಳೋದು ಬಾಡಿಗೆ. ಗುರುವಾರ ನೀನು ಡೆನ್ಮಾರ್ಕಿಗೆ ಹೊರಟುಹೋದ ಮೇಲೆ ನಾನು ಇದನ್ನ ಯಾರಿಗೆ ಹೇಳಲಿ, ವ್ಯಾನಿಗಾ?

ಯಾರ ಮನೆ ಅಂತ ಗುರುಪ್ರಸಾದರಿಗೆ ಗೊತ್ತಿಲ್ಲ. ನಿನಗೆ ಗೊತ್ತು, ನನಗೆ ಗೊತ್ತು. ಇರಲಿ, ಅವರು ಹೇಳಿದ ಹಾಗೇ ಹೇಳ್ತೀನಿ. ನೀನು ಶಾಲಿನಿಗೆ ಹೇಳಿದೆ, ಶಾಲಿನಿ ಅವಳ ಚಿಕ್ಕಮ್ಮನಿಗೆ ಹೇಳಿದಳು, ಚಿಕ್ಕಮ್ಮ ಗುರುಪ್ರಸಾದರ ಮನೆಯವರಿಗೆ... ಹೆಸರೆಲ್ಲ ದಾರೀಲಿ ಉದುರಿ, ಕಥೆ ಮಾತ್ರ ಬಂದು ಕುಂಬಳಕಾಯಿ ಪಕ್ಕ ಕೂತಿತ್ತು. ಮುಖ ಯಾಕೆ ಹಾಗೆ ಮಾಡ್ತೀಯ? ಹೇಳಬೇಡ ಅಂತ ನಾನೇನೂ ಅಂದಿರಲಿಲ್ಲ.

ಕೇಳು. ಕೆಂಟ್‌ನಲ್ಲಿ ಒಬ್ಬ ಗೃಹಸ್ಥ. ಊರಿನ ಶಾಲೇಲಿ ಹಲಗೆ ಬಳಪ ಹಿಡಿದು ಓದಿ, ಡಿಪ್ಲೊಮಾ ಮಾಡಿ, ವಿಮಾನದ ಬಿಡಿಭಾಗ ಅಳೆಯೋ ಕೆಲಸಕ್ಕೆ ಬಂದು ಸೇರಿದವನು. ಬೆಳಿಗ್ಗೆ ಎದ್ದರೆ ಸ್ನಾನ, ಸಂಧ್ಯಾವಂದನೆ, ಪೂಜೆ, ಆಮೇಲೆ ಕಾಫಿ. ಗ್ಯಾರೇಜಿನಲ್ಲಿ ಅಡ್ಡಡ್ಡ ಒಂದು ಹಗ್ಗ, ಅದರ ಮೇಲೆ ಅವನ ಮಡಿ ಪಂಚೆ. ಅದನ್ನ ಹೆಂಡತಿ ಮುಟ್ಟೋ ಹಾಗಿಲ್ಲ, ಮಗಳು ಮುಟ್ಟೋ ಹಾಗಿಲ್ಲ, ಗಾಳಿ ಮುಟ್ಟಿದರೂ ಅವನು ಒಂದು ಸಲ ಗುರಾಯಿಸ್ತಾನೆ. ಮಹಾ ಆಚಾರವಂತ. ಇಂಥವನಿಗೆ ಭಗವಂತ ಒಬ್ಬ ಮಗಳನ್ನ ಕೊಟ್ಟ. ಮಗಳ ಕೈಗೆ ಗಿಟಾರ್ ಕೊಟ್ಟ. ವೀಣೆ ಕೊಡಬಹುದಿತ್ತು, ಅವತ್ತು ಸ್ಟಾಕ್ ಇರಲಿಲ್ಲವೋ ಏನೋ.

ಯಾಕೆ ನಗ್ತೀಯ? ನಗಲಿಲ್ವಾ? ಸರಿ ಬಿಡು, ಇಲ್ಲ ಅಂದರೆ ಇಲ್ಲ.

ಆ ಹುಡುಗಿ ನುಡಿಸೋದಕ್ಕೆ ಪಂಕ್ ಅಂತ ಒಂದು ಹೆಸರು, ಮೆಟಲ್ ಅಂತ ಇನ್ನೊಂದು. ಎರಡಕ್ಕೂ ವ್ಯತ್ಯಾಸ ಏನು ಅಂತ ಗೃಹಸ್ಥ ಒಂದು ಸಲ ಕೇಳಿದ. ಮಗಳು ಇಪ್ಪತ್ತು ನಿಮಿಷ ವಿವರಿಸಿದಳು. ದ್ವೈತ ಅದ್ವೈತದ ಭೇದ ಇದಕ್ಕಿಂತ ಸುಲಭ ಅನ್ನಿಸಿತು ಅವನಿಗೆ. ಈ ಪಂಗಡದವರು ದೊಡ್ಡ ಸಭಾಂಗಣದಲ್ಲಿ ಹಾಡೋದಿಲ್ಲ. ನೆಲಮಾಳಿಗೆ, ಗೋದಾಮು, ಯಾರದೋ ಗ್ಯಾರೇಜು. ಟಿವಿಯಲ್ಲಿ ಬಂದರೆ ಜಾತಿ ಕೆಟ್ಟ ಹಾಗೆ. ಹಾಡಿದ್ದನ್ನ ಕ್ಯಾಸೆಟ್ಟಿಗೆ ತುಂಬಿ, ರಟ್ಟಿಗೆ ಕೈಯಾರೆ ಬಣ್ಣ ಹಚ್ಚಿ, ನೂರೇ ನೂರು ಮಾಡಿ ಹಂಚ್ತಾರೆ. ಕ್ಯಾಸೆಟ್ಟು ಕಣಮ್ಮ. ಅಪ್ಪ ಮೂವತ್ತು ವರ್ಷದ ಹಿಂದೆ ಗುಜರಿಗೆ ಹಾಕಿ ಬಂದದ್ದನ್ನ ಮಗಳು ಇಲ್ಲಿ ರೇಷ್ಮೆ ಬಟ್ಟೇಲಿ ಸುತ್ತಿಡ್ತಾಳೆ.

ಇವರಲ್ಲಿ ಒಂದು ಕಟ್ಟಳೆ ಇದೆ. ಪರ ಊರಿನ ಬ್ಯಾಂಡ್ ಬಂದರೆ ಹೋಟೆಲು ಅನ್ನೋ ಮಾತೇ ಇಲ್ಲ. ಅಲ್ಲಿಯ ಸಂಗೀತದವರ ಮನೆ ನೆಲದ ಮೇಲೆ ಮಲಗಬೇಕು, ಅವರು ಹಾಕಿದ್ದು ಉಣ್ಣಬೇಕು. ನಾಳೆ ಇವರು ಆ ಊರಿಗೆ ಹೋದರೆ ಅವರ ನೆಲ ಇವರಿಗೆ. ನಮ್ಮ ಕಡೆ ಹರಿದಾಸರು ಹೀಗೇ ತಿರುಗ್ತಾ ಇದ್ದರು, ಅದಿರಲಿ. ಹೋದ ಏಪ್ರಿಲ್‌ನಲ್ಲಿ ಡೆನ್ಮಾರ್ಕಿನಿಂದ ನಾಲ್ಕು ಜನ ಈ ಗೃಹಸ್ಥನ ಮನೆಗೆ ಬಂದಿಳಿದರು. ಆರ್ಹುಸ್ ಅನ್ನೋ ಊರಿನವರು. ಕಪ್ಪು ಬಟ್ಟೆ, ಮೂಗಲ್ಲಿ ತುಟೀಲಿ ಕಬ್ಬಿಣ, ಎದೆ ಮೇಲೆ ತಲೆಬುರುಡೆ. ಮನೆಯವಳು ಎಲೆ ಹಾಕಿ ತುಪ್ಪ ಬಡಿಸೋಕೆ ಹೋದರೆ ಬೇಡ ಅಂದರು. ಹಾಲು ಬೇಡ, ಮೊಸರು ಬೇಡ, ಜೇನುತುಪ್ಪವೂ ಬೇಡ. ಹೆಂಡದ ಕಡೆ ಕಣ್ಣೆತ್ತಿ ನೋಡೋದಿಲ್ಲ. ಚಾತುರ್ಮಾಸ್ಯ ಹಿಡಿದ ಯತಿಗಳೂ ಇಷ್ಟು ಬಿಗಿ ಇರೋದಿಲ್ಲ. ತಲೆಬುರುಡೆ ಹಾಕ್ಕೊಂಡು ಹುರುಳಿಕಾಯಿ ಪಲ್ಯ ತಿಂದು, ಪಾತ್ರೆನೆಲ್ಲ ತಾವೇ ತೊಳೆದಿಟ್ಟರು. ಅವರ ಊರಲ್ಲಿ ಸಂಗೀತ ಕಚೇರಿಗೆ ಮುಂಚೆ ಬಂದವರಿಗೆಲ್ಲ ಒಟ್ಟಿಗೆ ಅಡುಗೆ, ತೊಳೆಯೋದು ಸರದಿ ಮೇಲಂತೆ. ಗೃಹಸ್ಥನಿಗೆ ಬೇಜಾರೇ ಆಯ್ತು. ಬೈಯೋಕೆ ಸಿದ್ಧವಾಗಿ ಕೂತವನಿಗೆ ಏನೂ ಸಿಗಲಿಲ್ಲ ನೋಡು.

ಸಿಕ್ಕಿತು. ಜಾಕೆಟ್ ಸಿಕ್ಕಿತು.

ನಾಲ್ವರಲ್ಲಿ ತೀರಾ ಉದ್ದ ಇದ್ದವನು ಆಸ್ಗರ್. ಅವನದು ತೋಳು ಕತ್ತರಿಸಿದ ಕಪ್ಪು ಜೀನ್ಸ್ ಜಾಕೆಟ್. ಅದರ ತುಂಬ ಬ್ಯಾಂಡುಗಳ ಹೆಸರು ಬರೆದ ಬಟ್ಟೆ ತುಂಡು, ಒಂದರ ಪಕ್ಕ ಒಂದು, ಬೆರಳಿಡೋಕೆ ಜಾಗ ಇಲ್ಲ. ಹೊಲಿದದ್ದು ನೂಲಿನಲ್ಲಿ ಅಲ್ಲ, ಹಲ್ಲಿನ ಸಂದಿ ಶುಚಿ ಮಾಡೋ ದಾರದಲ್ಲಿ. ಅದು ಹರಿಯೋದಿಲ್ಲವಂತೆ. ಆ ಬ್ಯಾಂಡುಗಳಲ್ಲಿ ಕೆಲವು ಒಂದೇ ಸಂಜೆ ಹಾಡಿ ಮುಚ್ಚಿಹೋದವು. ಕೆಲವು ತುಂಡು ಹತ್ತೇ ಹತ್ತು ಅಚ್ಚಾದದ್ದು. ಹದಿನಾಲ್ಕು ವರ್ಷ ಕೂಡಿಸಿದ್ದು. ಹದಿನಾಲ್ಕು ವರ್ಷ ಒಗೆದಿಲ್ಲ. ಒಗೆಯೋ ಹಾಗಿಲ್ಲ, ಅದೂ ಕಟ್ಟಳೆ. ಬೆವರು, ಹೊಗೆ, ಯಾವುದೋ ನೆಲಮಾಳಿಗೆಯ ಧೂಳು, ಎಲ್ಲ ಅದರಲ್ಲೇ ಉಳೀಬೇಕು. ಹದಿನಾಲ್ಕು ವರ್ಷ ವನವಾಸ ಮಾಡಿದವರೂ ನಡುವೆ ಒಂದು ಸಲ ನಾರುಮಡಿ ಒಗೆದುಕೊಂಡಿರ್ತಾರೆ ಕಣಮ್ಮ.

ವಾಸನೆ ವರ್ಣಿಸೋದಿಲ್ಲ. ಗ್ಯಾರೇಜಿನ ಬಾಗಿಲು ತೆಗೆದರೆ ಎದುರುಮನೆ ನಾಯಿ ತನ್ನ ಮನೆಯೊಳಗೆ ಹೋಗಿ ಮಲಗ್ತಿತ್ತು ಅಂದರು ಗುರುಪ್ರಸಾದ್. ಸ್ವಲ್ಪ ಸೇರಿಸಿರ್ತಾರೆ.

ಭಾನುವಾರ ಆ ಮನೇಲಿ ಅಜ್ಜಿಯ ತಿಥಿ. ಶನಿವಾರ ಮಧ್ಯಾಹ್ನ, ಬಿಸಿಲು ಅಂತ ಆಸ್ಗರ್ ಜಾಕೆಟ್ ಬಿಟ್ಟು, ಮಗಳ ಜೊತೆ ನಾಲ್ಕೂ ಜನ ಊರು ನೋಡೋಕೆ ಹೋದರು. ಆಗ ಆ ಮನೆ ಹೆಂಗಸು, ಗುರುಪ್ರಸಾದರು "ಹೆಡ್ಡಿ" ಅಂದರು, ತಿಥಿ ಮನೆಗೆ ಮೈಲಿಗೆ ಅಂತ ಜಾಕೆಟ್ಟನ್ನ ವಾಷಿಂಗ್ ಮಷೀನಿಗೆ ಹಾಕಿ, ಬಿಸಿ ನೀರು ಬಿಟ್ಟು, ಬ್ಲೀಚ್ ಸುರಿದಳಂತೆ. ಹೊರಗೆ ಬಂದಾಗ ಕಪ್ಪೆಲ್ಲ ಹೋಗಿ ಕೆಮ್ಮಣ್ಣಿನ ಬಣ್ಣ. ಒಂದು ಹೆಸರೂ ಓದೋಕೆ ಬರೋದಿಲ್ಲ. "ಡೆನ್ಮಾರ್ಕಿನ ಅರ್ಧ ಇತಿಹಾಸಾನ ನಮ್ಮ ಹೆಂಗಸೊಬ್ಬಳು ಒಗೆದು ಹಿಂಡಿಬಿಟ್ಟಳು ನೋಡಿ" ಅಂದರು. ಕೂತಿದ್ದವರೆಲ್ಲ ನಕ್ಕರು.

ನಾನೂ ನಕ್ಕೆ. ಹೌದು, ನಕ್ಕೆ. ನಗದೇ ಇದ್ದರೆ ತಲೆ ಎತ್ತಿ ನನ್ನ ಮುಖ ನೋಡ್ತಿದ್ದರು.

ಹಾಗೆ ನನ್ನ ದುರುಗುಟ್ಟಿ ನೋಡಬೇಡ. ನೀನೂ ಐದು ತಿಂಗಳಿಂದ ನಂಬಿಕೊಂಡು ಬಂದಿರೋದು ಇದೇ ಕಥೆ ತಾನೇ? ಅಮ್ಮನ ಹತ್ತಿರ ಮಾತು ಬಿಟ್ಟು ಐದು ತಿಂಗಳು. ಒಂದೇ ಅಡುಗೆಮನೇಲಿ ನಿಂತು ಅವಳು ನನಗೆ ಹೇಳ್ತಾಳೆ, "ಅಲ್ಲಿ ಚಳಿ, ಉಣ್ಣೆ ಕಾಲುಚೀಲ ಬೇಕಾ ಕೇಳಿ." ನೀನು ನನಗೆ ಹೇಳ್ತೀಯ, "ಟೆಲ್ ಹರ್ ನೋ." ಮೂರಡಿ ದೂರಕ್ಕೆ ಒಬ್ಬ ಅಂಚೆಯವನು. ಸಮವಸ್ತ್ರ ಒಂದು ಕೊಡಿಸಿ. ಗುರುವಾರ ವಿಮಾನ ಹತ್ತುವಾಗಲೂ ನನ್ನ ಕೈಲೇ "ಹೋಗಿ ಬರ್ತೀನಿ" ಅಂತ ಹೇಳಿಸ್ತೀಯಾ?

ಉತ್ತರ ಬೇಡ. ಕಥೆ ಮುಗಿದಿಲ್ಲ. ಗುರುಪ್ರಸಾದರ ಕಥೇಲಿ ಒಂದೆರಡು ಬಿಟ್ಟುಹೋಗಿದೆ, ಅದನ್ನ ನಾನು ಸೇರಿಸ್ತೀನಿ.

ಅವರು ಬಂದ ದಿನ ಆ ಉದ್ದದವನು ಗ್ಯಾರೇಜಿನಲ್ಲಿ ಪಂಚೆ ನೋಡಿ ಇದೇನು ಅಂತ ಗೃಹಸ್ಥನ್ನ ಕೇಳಿದ. ಗೃಹಸ್ಥ ತನ್ನ ಇಂಗ್ಲಿಷಿನಲ್ಲಿ, ಸಾವಕಾಶವಾಗಿ ಹೇಳಿದ. ಇದು ಮಡಿ, ಇನ್ನೊಬ್ಬರು ಮುಟ್ಟಿದರೆ ಕೆಟ್ಟಿತು, ಯಾಕೆ ಅಂತ ಕೇಳಬೇಡ, ನಮ್ಮಪ್ಪನೂ ಹೇಳಲಿಲ್ಲ. ಅವನು ನಗಲಿಲ್ಲ. ತನ್ನ ಜಾಕೆಟ್ ತೋರಿಸಿ, ಇದೂ ಹಾಗೇ, ಇದಕ್ಕೆ ನೀರು ತಾಗೋ ಹಾಗಿಲ್ಲ ಅಂದ. ಗೃಹಸ್ಥ ತಲೆ ಆಡಿಸಿದ. ಆಮೇಲೆ ಮೂರು ದಿನ, ಆರಡಿ ನಾಲ್ಕಿಂಚಿನ ಆ ಮನುಷ್ಯ, ಹೋಗುವಾಗ ಬರುವಾಗ ಆ ಹಗ್ಗದ ಕೆಳಗೆ ಸೊಂಟ ಬಗ್ಗಿಸಿ ನುಸುಳಿದ. ಹೆಗಲ ಮೇಲೆ ಡ್ರಮ್ ಪೆಟ್ಟಿಗೆ ಇದ್ದಾಗಲೂ ಬಗ್ಗಿದ. ಪಂಚೆಯ ಅಂಚು ಅವನ ಕೂದಲಿಗೆ ತಾಗಲಿಲ್ಲ.

ಏನು? ...ಹೌದು, ಇದು ಗುರುಪ್ರಸಾದರಿಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಆ ಮಾತಾಡುವಾಗ ಗ್ಯಾರೇಜಿನಲ್ಲಿ ಇದ್ದದ್ದು ಅವನೂ ನಾನೂ ಇಬ್ಬರೇ.

ಇನ್ನೊಂದು. ಶನಿವಾರ ಮಧ್ಯಾಹ್ನ ನಿಮ್ಮಮ್ಮ ಮನೇಲಿ ಇರಲಿಲ್ಲ. ಪಕ್ಕದ ಮನೆ ಲಕ್ಷ್ಮಮ್ಮನ ಜೊತೆ ಬಾಳೆ ಎಲೆ ತರೋಕೆ ಅಂಗಡಿಗೆ ಹೋಗಿದ್ದಳು. ಐದು ತಿಂಗಳಲ್ಲಿ ನೀನು ಒಂದು ಸಲನೂ ಕೇಳಲಿಲ್ಲ. ಅವಳು "ನಾನೇ" ಅಂದಳು, ನೀನು ಹೌದು ಅಂದುಕೊಂಡೆ. ಬಟ್ಟೆ ಒಗೆಯೋದು ಅಂದರೆ ಅಮ್ಮನೇ ತಾನೇ. ಎಷ್ಟು ಓದಿದೀಯ, ಎಂಥೆಂಥಾ ಘೋಷಣೆ ಕೂಗ್ತೀಯ ಸ್ಟೇಜ್ ಮೇಲೆ.

ಬೈಯಿ ಮೈತ್ರಿ. ಬೈದರೆ ನಾನೂ ಎದುರು ಒಂದು ಮಾತಾಡಿ ಮುಗಿಸ್ತೀನಿ. ಇಂಗ್ಲಿಷಲ್ಲಾದರೂ ಸರಿ. ಹೀಗೆ ಸುಮ್ಮನೆ ನೀರು ನೋಡ್ತಾ ಕೂತರೆ...

ತಿಥಿ ಅಂತ ಒಗೆದೆ. ಹಿರಿಯರ ಕಾರ್ಯ, ಮನೆ ಶುದ್ಧವಾಗಿರಬೇಕು, ಅದು ತಪ್ಪಲ್ಲವಲ್ಲ.

...ಆಯ್ತು. ತಿಥಿಗೂ ಅದಕ್ಕೂ ಸಂಬಂಧ ಇಲ್ಲ. ನೀನು ಹೀಗೆ ಕೂತರೆ ಆ ಸುಳ್ಳನ್ನ ನನಗೇ ಕೇಳೋಕೆ ಆಗೋದಿಲ್ಲ.

ಅವತ್ತು ಬೆಳಿಗ್ಗೆ ನೀನು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ನಿನ್ನ ಬ್ಯಾಂಡಿನ ತುಂಡನ್ನ ಅವನ ಜಾಕೆಟ್ಟಿಗೆ ಹೊಲೀತಾ ಇದ್ದೆ. ಹೊಲೀತಾ ಅವನಿಗೆ ಕನ್ನಡ ಕಲಿಸ್ತಾ ಇದ್ದೆ. "ಸಾಕು." "ಇನ್ನೂ ಸ್ವಲ್ಪ ಹಾಕಿ." "ತುಂಬ ಚೆನ್ನಾಗಿದೆ." ಅವನು ತಪ್ಪಿದರೆ ನಗ್ತಾ ತಿದ್ದಿ, ಮತ್ತೆ ಹೇಳಿಸ್ತಾ ಇದ್ದೆ. ನಾನು ಬಾಗಿಲ ಹಿಂದೆ ಕಾಫಿ ಲೋಟ ಹಿಡ್ಕೊಂಡು ನಿಂತಿದ್ದೆ. ನೀನು ನನ್ನ ಜೊತೆ ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಆಡಿ ಎಷ್ಟು ವರ್ಷ ಆಯ್ತೋ. ಮರೆತಿದೀಯ, ಪಾಪ, ಇಲ್ಲಿ ಹುಟ್ಟಿದ ಮಗು ಅಂತ ನಾನು ಎಲ್ಲರ ಹತ್ತಿರ ಹೇಳ್ತಿದ್ದೆ. ಮರೆತಿಲ್ಲ, ಬರುತ್ತೆ, ನನಗಿಂತ ಸ್ಪಷ್ಟವಾಗಿ ಬರುತ್ತೆ ಅಂತ ಅವತ್ತು ಗೊತ್ತಾಯ್ತು. ಮುಂದೆ ಬಂದು ಕೆಮ್ಮಿದೆ. ನೀನು ತಲೆ ಎತ್ತಿ, "ಯು ನೀಡ್ ಸಮ್‌ಥಿಂಗ್, ಅಪ್ಪಾ?" ಅಂದೆ.

ಅಷ್ಟೇ. ಬಿಸಿ ನೀರಿನ ಗುಂಡಿ ಒತ್ತಿದ್ದು ನಾನು. ಬ್ಲೀಚ್ ಎರಡು ಮುಚ್ಚಳ, ಆಮೇಲೆ ಇನ್ನೊಂದು. ಅಳೆಯೋದೇ ನನ್ನ ಕಸುಬು, ಕೈತಪ್ಪಿ ಬಿತ್ತು ಅಂತ ಹೇಳೋ ಹಾಗೂ ಇಲ್ಲ.

ನಿಮ್ಮಮ್ಮ ಎಲೆ ಕಟ್ಟು ಹಿಡ್ಕೊಂಡು ಒಳಗೆ ಬಂದಾಗ ನಾನು ಒದ್ದೆ ಜಾಕೆಟ್ ಹಿಡಿದು ನಿಂತಿದ್ದೆ. ಹೊರಗೆ ನಿಮ್ಮ ಕಾರು ನಿಂತ ಸದ್ದು. ಅವಳು ನನ್ನ ಒಂದು ಸಲ ನೋಡಿದಳು. ಎಲೆ ಕೆಳಗಿಟ್ಟಳು, ಜಾಕೆಟ್ ನನ್ನ ಕೈಯಿಂದ ತಗೊಂಡಳು. ಯಾಕೆ ಹಾಗೆ ಮಾಡಿದೆ ಅಂತ ಆಮೇಲೆ ಕೇಳಿದ್ದಕ್ಕೆ, "ನನ್ನ ಮೇಲಿನ ಸಿಟ್ಟಾದರೆ ಎರಡು ದಿನ. ನಿಮ್ಮ ಮೇಲಾದರೆ ಅವಳು ಮನೆಗೇ ಬರೋದಿಲ್ಲ" ಅಂದಳು. ಎರಡು ದಿನ ಅಂತೆ. ನಿನ್ನನ್ನ ಅವಳು ಅಷ್ಟು ಒಳ್ಳೆಯವಳು ಅಂದುಕೊಂಡಿದ್ದಾಳೆ. ನನ್ನನ್ನೂ. ನಾಳೆ ಹೇಳಿಬಿಡ್ತಾರೆ ಅಂದುಕೊಂಡಿದ್ದಳು. ನಾನೂ ನಾಳೆ ಅಂದುಕೊಂಡೆ. ನೂರೈವತ್ತು ನಾಳೆ ಆಯ್ತು.

ಆಸ್ಗರ್ ಆ ಒದ್ದೆ ಬಟ್ಟೆಯನ್ನ ಒಂದು ಚೀಲಕ್ಕೆ ಹಾಕ್ಕೊಂಡು ನಿಮ್ಮಮ್ಮನಿಗೆ ಕೈ ಮುಗಿದ. ಆಮೇಲೆ ನನ್ನ ಕಡೆ ನೋಡಿದ. ಅವನಿಗೆ ಗೊತ್ತಾಗಿತ್ತು. ಹೇಳಿದ್ನಾ ನಿನಗೆ?... ಇಲ್ಲ ಅಲ್ವಾ. ಹೊರಡುವಾಗಲೂ ಬಗ್ಗಿಯೇ ಹೋದ ಕಣಮ್ಮ. ತಲೆಬುರುಡೆಯವನು.

ಅಗೋ, ಮುಂದಿನ ಸಾಲು ಹೊರಟಿತು. ಹೇಳಬೇಕಾದ್ದು ಇನ್ನು ಸ್ವಲ್ಪ. ಈ ಕಥೆಯನ್ನ ನಿನ್ನಲ್ಲೇ ಇಟ್ಕೋಬೇಡ. ಆರ್ಹುಸ್‌ಗೆ ಹೋದ ಮೇಲೆ ಆಸ್ಗರ್‌ಗೆ ಹೇಳು, ಅವನ ಗೆಳೆಯರಿಗೆಲ್ಲ ಹೇಳು, ಬೇಕಾದರೆ ಹಾಡು ಮಾಡಿ ಕಿರುಚಿ. ಶಾಲಿನಿಗೆ ಹೇಳು, ಭಾನುವಾರದೊಳಗೆ ಗುರುಪ್ರಸಾದರಿಗೆ ತಲುಪಿರುತ್ತೆ. ಒಗೆದವನು ಗಂಡ, ತಿಳಿದು ಒಗೆದ ಅಂತ ಹೇಳು. ಆದರೆ ಎಲ್ಲರಿಗಿಂತ ಮೊದಲು ನಿಮ್ಮಮ್ಮನಿಗೆ ಹೇಳು. ಒಗೆದವರು ಯಾರು ಅಂತ ಅವಳಿಗೆ ಗೊತ್ತಿದೆ. ನಿನಗೂ ಗೊತ್ತಾಯ್ತು ಅನ್ನೋದು ಗೊತ್ತಿಲ್ಲ.