ಕೊನೆಯ ಕೋಟ್

ಕುವೆಂಪುನಗರದ ಶ್ವಾಸಕೋಶದ ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕಾಯುತ್ತಿದ್ದ ಮಾಲವಿಕಾಳ ಪಕ್ಕದಲ್ಲಿ ಗಂಡ ಹೆಂಡತಿ ಬಂದು ಕುಳಿತರು. ಗಂಡ ಮಾತಿನ ನಡುವೆ ತಡೆದು ತಡೆದು ಉಸಿರೆಳೆಯುತ್ತಿದ್ದ. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಬೆಳಿಗ್ಗೆ ಮತ್ತೆ ಶೆಡ್ಡಿಗೆ ಹೋಗಿದ್ರಿ ಅಲ್ವಾ?”

“ಬರೀ ನೋಡೋಕೆ ಕಣೇ. ರೆಸಿನ್ ಅಂಟಿನ ಡಬ್ಬ ಮುಟ್ಟಿಲ್ಲ.”

“ಅದರ ವಾಸನೇನೇ ನಿಮ್ಮ ಎದೆ ಹಾಳು ಮಾಡಿದ್ದು ಅಂತ ಡಾಕ್ಟ್ರು ಹೇಳಿದ್ರಲ್ಲ.”

“ಸರ್ಫ್‌ಬೋರ್ಡ್ ಪೂರ್ತಿ ಆಗಿದೆ ಶಿಲ್ಪಾ. ಮೇಲಿನ ಕೊನೇ ರೆಸಿನ್ ಕೋಟ್ ಒಂದೇ ಬಾಕಿ. ಅದು ಹಾಕ್ದೆ ಬಿಟ್ರೆ ನೀರು ಕುಡಿಯುತ್ತೆ.”

“ಹೆಂಗೆ ಅಂತ ಹೇಳ್ಕೊಡಿ, ನಾನೇ ಹಾಕ್ತೀನಿ.”

ಗಂಡನ ಮುಖ ಅರಳಿತು.

“ಗುಳ್ಳೆ ಏಳದ ಹಾಗೆ ನಿಧಾನಕ್ಕೆ ಕಲಸ್ಬೇಕು. ನಡುವೆ ಸುರಿದು ಬ್ರಷ್‌ನಲ್ಲಿ ಅಂಚಿನ ತನಕ ಎಳೀಬೇಕು. ಗಟ್ಟಿಯಾಗೋಕೆ ಶುರುವಾದ್ಮೇಲೆ ಮತ್ತೆ ಕೈ ಆಡಿಸ್ಬಾರ್ದು.”

“ಆಮೇಲೆ?”

“ಆಮೇಲೆ ಉಜ್ಜಿ, ಮುಲ್ಕಿ ಕಡಲಿಗೆ ತಗೊಂಡೋಗಿ, ಅಲೆ ಮೇಲೆ ನಿಂತ್ಕೊಂಡು...”

ಅವನು ಅಲ್ಲಿಗೇ ನಿಲ್ಲಿಸಿದ. ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ ಏದುಸಿರೇ ಇನ್ನೂ ಇಳಿದಿರಲಿಲ್ಲ.

“ನೀವು ಹೂಂ ಅಂದ್ರೆ ಇವತ್ತೇ ಹಾಕ್ತೀನ್ರೀ.”

“ಬೇಡ ಬುಡು. ನೀರಿಗೆ ಇಳಿಸೋರೇ ಇಲ್ಲ. ಆ ಗಾಳಿ ನಿನ್ನ ಎದೆಗೂ ಯಾಕೆ?”

“ಮಹದೇವಪ್ರಸಾದ್!” ನರ್ಸ್ ಕೂಗಿದಳು.

ಅವನು ಏಳಲು ಹೋಗಿ ಮತ್ತೆ ಕುಳಿತ. ಆಮೇಲೆ ಹೆಂಡತಿಯ ಭುಜ ಹಿಡಿದು ಎದ್ದ. ಮಾಲವಿಕಾ ಕಾಲು ಸರಿಸಿ ದಾರಿ ಬಿಟ್ಟಳು.

ಬಾಗಿಲ ಹತ್ತಿರ ಹೆಂಡತಿ ಕೈ ಚಾಚಿದಳು.

“ಹಂಗಾದ್ರೆ ಶೆಡ್ಡಿನ ಬೀಗದಕೈ ಕೊಡಿ. ಇನ್ನು ನೀವಲ್ಲಿಗೆ ಹೋಗೋದು ಬೇಡ.”

ಅವನು ಜೇಬಿನಿಂದ ತೆಗೆದು ಕೊಟ್ಟು, ಅವಳ ಮುಖ ನೋಡದೆ ಒಳಗೆ ಹೋದ.